ಮೂರು ಭಾನುವಾರಗಳ ಪ್ರೀತಿ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ. ಭಾನುವಾರ ಬೆಳಗಿನ ಆರಾಧನೆ. ಪಾದ್ರಿಗಳು ಒಬ್ಬ ಹುಡುಗ, ಒಬ್ಬ ಹುಡುಗಿಯ ಹೆಸರು ಓದುತ್ತಾರೆ. ಇವರ ಮದುವೆಗೆ ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಹೇಳಿ ಎನ್ನುತ್ತಾರೆ. ಇಡೀ ಚರ್ಚು ಮೌನ. ಎಲ್ಲೋ ಒಂದು ಬೆಂಚು ಕಿರ್ ಎನ್ನುತ್ತದೆ. ಹುಡುಗಿ ತಲೆ ಎತ್ತದೆ ತನ್ನ ಕೈಗವಸಿನ ಗುಂಡಿಯನ್ನೇ ನೋಡುತ್ತಿದ್ದಾಳೆ. ಯಾರೂ ಬಾಯಿ ಬಿಡುವುದಿಲ್ಲ. ಕೇಳುತ್ತಿರುವುದು ಇದು ಮೊದಲ ಸಲ ಎಂದು ಹೇಳಿ ಪಾದ್ರಿಗಳು ಮುಂದುವರಿಯುತ್ತಾರೆ. ಇನ್ನೂ ಎರಡು ಭಾನುವಾರ ಬಾಕಿ ಇದೆ.

ಇಂಥ ಗಳಿಗೆಗಳಿಗಾಗಿಯೇ ನಾನು ಹಳೆಯ ಕಾಲದ ಕಥೆ ಹೇಳುವ ಈಗಿನ ಪ್ರೇಮ ಕಾದಂಬರಿಗಳನ್ನು ಓದುತ್ತೇನೆ. 200 ವರ್ಷ ಹಿಂದಿನ ಇಂಗ್ಲಿಷ್ ಹಳ್ಳಿ, ಕ್ರೈಸ್ತ ನಂಬಿಕೆ, ಮೆಲುದನಿಯ ಪ್ರೀತಿ. ಇವುಗಳಲ್ಲಿ ಮಲಗುವ ಕೋಣೆಯ ಬಾಗಿಲು ತೆರೆಯುವುದಿಲ್ಲ. ಅಷ್ಟಕ್ಕೇ ಸಪ್ಪೆ ಅನ್ನುವವರಿದ್ದಾರೆ. ನನಗಂತೂ ಹಾಗನಿಸಿಲ್ಲ. ಕಾಯುವುದೇ ಇಲ್ಲಿ ಕಥೆ. ಕಾಯುವುದರಲ್ಲಿ ಎಷ್ಟು ತಳಮಳ ಇರುತ್ತದೆ ಅಂತ ಕಾದವರಿಗೆ ಗೊತ್ತು, ಅಲ್ವಾ?

ಮೂರು ಭಾನುವಾರದ ಈ ಪ್ರಕಟಣೆ ಹಳೆಯ ಪದ್ಧತಿ. 1753ರಲ್ಲಿ ಒಂದು ಕಾನೂನು ಬಂತು, ಮರುವರ್ಷ ಜಾರಿಯಾಯಿತು. ಅಲ್ಲಿಂದ ಮುಂದೆ ಹೀಗೆ ಹೆಸರು ಓದಿಸದೆ, ಇಲ್ಲವೇ ಲೈಸೆನ್ಸ್ ಪಡೆಯದೆ ಆದ ಮದುವೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಊರ್ಜಿತವಾಗುತ್ತಿರಲಿಲ್ಲ. ದುಡ್ಡಿದ್ದವರು ಲೈಸೆನ್ಸ್ ತೆಗೆದುಕೊಂಡು ಊರವರ ಕಣ್ಣು ತಪ್ಪಿಸುತ್ತಿದ್ದರು. ಹೆತ್ತವರು ಒಪ್ಪದ ಜೋಡಿ ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿತ್ತು, ಅಲ್ಲಿ ಈ ಕಾನೂನು ನಡೆಯುತ್ತಿರಲಿಲ್ಲ. ಓಡಿಹೋಗುವ ಕಥೆಗಳೂ ಬೇಕಾದಷ್ಟಿವೆ. ನನಗೆ ಮಾತ್ರ ಓಡದೆ ನಿಂತವರು ಇಷ್ಟ. ನಮ್ಮ ಕನ್ನಡದ ಚರ್ಚುಗಳಲ್ಲೂ ಮದುವೆಗೆ ಮುಂಚೆ ಹೆಸರು ಓದುತ್ತಾರಲ್ಲ, ಆಗ ಹಿಂದಿನ ಬೆಂಚುಗಳಲ್ಲಿ ಏಳುವ ಪಿಸುಮಾತು ಕೇಳಿದವರಿಗೆ ಆ ಹಳ್ಳಿ ದೂರದ್ದು ಅನಿಸುವುದಿಲ್ಲ.

ಇನ್ನು ಕಾಗದಗಳು. 1840ರಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಕಾಗದ ತಲುಪಿಸುವ ಅಂಚೆ ಬರುವವರೆಗೆ, ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು. ದೂರ ಹೆಚ್ಚಿದಷ್ಟೂ, ಹಾಳೆ ಹೆಚ್ಚಿದಷ್ಟೂ ದರ ಜಾಸ್ತಿ. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕ. ಅದಕ್ಕೇ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ಹೆಣೆದ ಹಾಗೆ ಕಾಣುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಸಾಲು ಬಿಡಿಸಿ ಓದಬೇಕು. ನಿಶ್ಚಯವಾಗದ ಹುಡುಗ ಹುಡುಗಿ ಹಾಗೆ ಬರೆದುಕೊಳ್ಳುವಂತೆಯೂ ಇಲ್ಲ. ಅಂಥದ್ದರಲ್ಲಿ ಬಂದ ಒಂದು ಹಾಳೆಗೆ ಎಷ್ಟು ಬೆಲೆ, ಯೋಚಿಸಿ.

ಇದೆಲ್ಲ ಸುಮ್ನೆ ಚೆಂದದ ಹಳೇ ಕಾಲ ಅಂತ ತಿಳಿಯಬೇಡಿ. ಭಯವೂ ಇತ್ತು. ಆ ಕಾಲದ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸ್ಟೀವನ್‌ಟನ್ ಹಳ್ಳಿಯ ಪಾದ್ರಿಯ ಮಗಳು. ಆದಾಯ ಸಾಲದೆ ತಂದೆ ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಪಾದ್ರಿಯ ಮನೆ ಹುದ್ದೆಗೆ ಸೇರಿದ್ದು, ಕುಟುಂಬದ್ದಲ್ಲ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಬಾಡಿಗೆ ಮನೆ, ನೆಂಟರ ಮನೆ ಎಂದು ವರ್ಷಗಟ್ಟಲೆ ಅಲೆದರು. 1809ರಲ್ಲಿ ಅಣ್ಣ ಚಾಟನ್‌ನಲ್ಲಿ ಒಂದು ಮನೆ ಕೊಟ್ಟ ಮೇಲೆ ನೆಲೆ ಸಿಕ್ಕಿತು. ಈಗಿನ ಕಾದಂಬರಿಗಳ ನಾಯಕಿ ಎಷ್ಟೋ ಸಲ ಇಂಥ ಮನೆಯವಳೇ. ಮದುವೆ ಅವಳಿಗೆ ತಲೆಯ ಮೇಲಿನ ಸೂರಿನ ಪ್ರಶ್ನೆ. ಹಾಗಿದ್ದೂ ಪ್ರೀತಿ ಇಲ್ಲದ ಕಡೆ ಆಗುವುದಿಲ್ಲ ಎನ್ನುತ್ತಾಳಲ್ಲ, ಆ ಧೈರ್ಯ ಎಲ್ಲಿಂದ ಬಂತು? ದೇವರು ಕೈಬಿಡುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ತೆಗೆದರೆ ಕಥೆ ನಿಲ್ಲುವುದಿಲ್ಲ.

ಎಲ್ಲ ಪುಸ್ತಕಗಳೂ ಇದನ್ನು ಸಾಧಿಸುವುದಿಲ್ಲ. ಕೆಲವದರಲ್ಲಿ ಕಥೆ ನಿಂತು ಉಪದೇಶ ಶುರುವಾಗುತ್ತದೆ. ಆಳುಕಾಳುಗಳು ಚಹಾ ತಂದಿಟ್ಟು ಮರೆಯಾಗುತ್ತಾರೆ. ಅದು ನನಗೆ ಬೇಸರ ತರುತ್ತದೆ. ಒಳ್ಳೆಯವು ಬೇರೆಯೇ. ಆ ಕಾಲದ ಚರ್ಚುಗಳಲ್ಲಿ ಅನುಕೂಲಸ್ಥ ಕುಟುಂಬಗಳಿಗೆ ಮರದ ಗೋಡೆ, ಪುಟ್ಟ ಬಾಗಿಲು ಇರುವ ಪ್ರತ್ಯೇಕ ಬೆಂಚು ಇರುತ್ತಿತ್ತು. ಮದುವೆಯಾಗದೆ ತಾಯಿಯಾದ ಹುಡುಗಿಯೊಬ್ಬಳು ಮಗುವನ್ನೆತ್ತಿಕೊಂಡು ಹಿಂದೆ ಗೋಡೆಗೆ ಒರಗಿ ನಿಂತಿದ್ದಾಳೆ ಅಂದುಕೊಳ್ಳಿ. ಊರಿನ ಹಿರಿಯಾಕೆ ಎದ್ದು, ತಮ್ಮ ಬೆಂಚಿನ ಬಾಗಿಲು ತೆರೆದು, ಸರಿದು ಜಾಗ ಮಾಡಿಕೊಡುತ್ತಾರೆ. ಕ್ಷಮೆ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಇಂಥ ಒಂದು ಪುಟ ಓದಿದರೆ ಆ ರಾತ್ರಿ ನನಗೆ ಬೇರೇನೂ ಬೇಡ.

ಮೂರನೆಯ ಭಾನುವಾರವೂ ಕಳೆಯುತ್ತದೆ. ಯಾರೂ ಅಡ್ಡಿ ಹೇಳಿಲ್ಲ. ಮದುವೆಯ ದಿನ ಚರ್ಚಿನ ದೊಡ್ಡ ಪುಸ್ತಕ ತೆರೆದಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಬರೆಯಲು ಬಾರದವರು ಗುಣಿಸು ಗುರುತು ಹಾಕಬೇಕು. ಹುಡುಗ ಗುರುತು ಹಾಕಿ ಪೆನ್ನು ಕೊಡುತ್ತಾನೆ. ಹುಡುಗಿ ಕೈಗವಸು ಬಿಚ್ಚಿ, ಗರಿಯ ಪೆನ್ನನ್ನು ಶಾಯಿಗೆ ಅದ್ದಿ, ತವರಿನ ಹೆಸರನ್ನು ನಿಧಾನವಾಗಿ, ಒಂದು ಅಕ್ಷರವೂ ತಪ್ಪದಂತೆ ಬರೆಯುತ್ತಾಳೆ.

ನಮಸ್ಕಾರ.