ಮಷಿನ್ ಅನುವಾದದ ಬಿಲ್ಲು ಏರೋದೆಲ್ಲಿ?

ದಾವಣಗೆರೆಯಲ್ಲಿ ಕೂತು ಎಪಿಎಂಸಿ ಮೆಕ್ಕೆಜೋಳದ ದರ, ಬೆಳೆ ಸಲಹೆ ಎಲ್ಲಾ ಕನ್ನಡದಿಂದ ತೆಲುಗಿಗೆ ಹಾಕಿಸಬೇಕು. ಒಂದು ಲಕ್ಷ ಪುಟ, ಪುಟಕ್ಕೆ 3,000 ಅಕ್ಷರ ಅಂತ ಇಟ್ಕೊಳ್ರಿ. ಗೂಗಲ್ ಕ್ಲೌಡ್ ದರಪಟ್ಟಿಯಲ್ಲಿ ಹತ್ತು ಲಕ್ಷ ಅಕ್ಷರಕ್ಕೆ 20 ಡಾಲರ್. 30 ಕೋಟಿ ಅಕ್ಷರಕ್ಕೆ 6,000 ಡಾಲರ್ ಆಯ್ತು. ಡಾಲರಿಗೆ 85 ರೂಪಾಯಿ ಹಿಡಿದು 18% ಜಿಎಸ್‌ಟಿ ಸೇರಿಸಿದ್ರೆ ಆರು ಲಕ್ಷ ಚಿಲ್ಲರೆ. ಹಿಂದಿ, ಮರಾಠಿಯೂ ಬೇಕಂದ್ರೆ ಮೂರು ಪಟ್ಟು.

ಗೂಗಲಿನವರ ಲೆಕ್ಕದ ಅಕ್ಷರ ನಾವು ಶಾಲೇಲಿ ಕಲಿತ ಅಕ್ಷರ ಅಲ್ಲ, ಯೂನಿಕೋಡ್ ಸಂಕೇತ, ಅಂದ್ರೆ ಕಂಪ್ಯೂಟರಿನಲ್ಲಿ ಒಂದೊಂದು ಚಿಹ್ನೆಗೂ ಇರೋ ನಂಬರು. 'ಚಿತ್ರದುರ್ಗ' ಓದೋಕೆ ನಾಲ್ಕು, ಬಿಲ್ಲಲ್ಲಿ ಹತ್ತು. ಗುಡಿಸು, ಕೊಂಬು, ಹಲಂತ ಒಂದೊಂದೂ ಬೇರೆ ಎಣಿಕೆ. ಖಾಲಿ ಜಾಗಕ್ಕೂ, ವೆಬ್ ಪುಟದ ವಿನ್ಯಾಸದ ಗುರುತಾದ ಎಚ್‌ಟಿಎಂಎಲ್ ಟ್ಯಾಗಿಗೂ ದುಡ್ಡು. ಹಳೇ ನುಡಿ ತಂತ್ರಾಂಶದ ಆಸ್ಕಿ ಫಾಂಟಿನ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ್ದು) ಫೈಲು ಹಾಗೇ ಕಳಿಸಿದ್ರಂತೂ ಮುಗೀತು: ಮಷಿನ್ನಿಗೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಬಿಲ್ಲು ಮಾತ್ರ ಪೂರ್ತಿ. ಮೊದಲು ಯೂನಿಕೋಡಿಗೆ ಬದಲಿಸ್ರಿ.

ಈಗ ಮಷಿನ್ ಮಾಡಿದ್ದನ್ನ ಮನುಷ್ಯರಿಂದ ತಿದ್ದಿಸೋ ಖರ್ಚು ನೋಡ್ರಿ. ಪುಟಕ್ಕೆ 350 ಪದ, ಪದಕ್ಕೆ 50 ಪೈಸೆ ಅಂದ್ರೂ ಒಂದು ಲಕ್ಷ ಪುಟಕ್ಕೆ 1.75 ಕೋಟಿ. ಮೂಗಿಗಿಂತ ಮೂಗುತಿ ಭಾರ! ಮಷಿನ್ ಅಗ್ಗ ಅಂತ ಹೇಳೋರು ಈ ಸಾಲನ್ನ ಅಂದಾಜುಪಟ್ಟಿಗೆ ಹಾಕೋದೇ ಇಲ್ಲ, ನನ್ನ ತಕರಾರು ಅದೇ.

ಹಾಗಾಗಿ ಮಷಿನ್ನಿಗೆ ಹೋಗೋದನ್ನೇ ಕಡಿಮೆ ಮಾಡಬೇಕು. ಎಪಿಎಂಸಿ ದರಪಟ್ಟಿಯಲ್ಲಿ ದಿನಾ ಬದಲಾಗೋದು ಅಂಕಿ ಮಾತ್ರ. ವಾಕ್ಯದ ಅಚ್ಚನ್ನ ಒಂದು ಸಲ ಮನುಷ್ಯರಿಂದ ಮಾಡಿಸಿ, ಅಂಕಿ ತುಂಬಿದ್ರೆ ಸಾಕು. ಉಳಿದದ್ದಕ್ಕೆ ಕ್ಯಾಶ್ (cache, ಆದ ಅನುವಾದ ಉಳಿಸಿಡೋ ಜಾಗ) ಇಡ್ರಿ, ಒಮ್ಮೆ ಆದ ವಾಕ್ಯ ಮತ್ತೆ ಹೋಗಬಾರದು. ಇಲ್ಲೊಂದು ಕಿತಾಪತಿ ಇದೆ: 'ಕೊ' ಅನ್ನೋದನ್ನ ಒಂದೇ ಸ್ವರಚಿಹ್ನೆಯಲ್ಲೂ ಬರೀಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆ ಜೋಡಿಸಿಯೂ ಬರೀಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಎನ್‌ಎಫ್‌ಸಿ ಅನ್ನೋ ಒಂದೇ ಯೂನಿಕೋಡ್ ರೂಪಕ್ಕೆ ತರದಿದ್ರೆ ಅದೇ ವಾಕ್ಯಕ್ಕೆ ಎರಡು ಸಲ ದುಡ್ಡು.

ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಕೊಟ್ಟ ಇಂಡಿಕ್‌ಟ್ರಾನ್ಸ್2 ಅನ್ನೋ ಅನುವಾದದ ಮಾಡೆಲ್ ಎಂಐಟಿ ಲೈಸೆನ್ಸಿನದು, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಬಳಸಬಹುದು, 22 ಭಾಷೆಗೆ ಆಗುತ್ತೆ, ಅಕ್ಷರಕ್ಕೆ ಇಷ್ಟು ಅಂತಿಲ್ಲ. ಆದ್ರೆ ಇದನ್ನ ಓಡಿಸೋ ಜಿಪಿಯು (ಜೋರಾಗಿ ಲೆಕ್ಕ ಮಾಡೋ ಚಿಪ್) ಬಾಡಿಗೆ ಗಂಟೆ ಲೆಕ್ಕ. ದಿನದ ಕೆಲಸ ಕೂಡಿಹಾಕಿ ಒಂದೇ ಸಲ ಓಡಿಸಿ ಬಂದ್ ಮಾಡಿದ್ರೆ ಲಾಭ, ಇಪ್ಪತ್ತನಾಲ್ಕು ಗಂಟೆ ಸುಮ್ಮನೆ ಹಚ್ಚಿಟ್ರೆ ನಷ್ಟ. ಈ ಮಾಡೆಲ್ಲಿಗೆ ಬರಹವನ್ನ ಒಂದೊಂದೇ ವಾಕ್ಯವಾಗಿ ಕತ್ತರಿಸಿ ಕೊಡಬೇಕು. 'ರೂ.', 'ಡಾ.' ಮುಂದಿನ ಚುಕ್ಕೆಯಲ್ಲಿ ಕತ್ತರಿ ಬಿದ್ರೆ ಅರ್ಧ ವಾಕ್ಯಕ್ಕೆ ಮಷಿನ್ ತನಗೆ ತೋಚಿದ್ದು ತುಂಬುತ್ತೆ.

ಔಷಧಿ ಸಿಂಪಡಣೆಯ ಸಲಹೆಯಲ್ಲಿ ಮೂಲದ ಅಂಕಿಗಳೂ ಅನುವಾದದ ಅಂಕಿಗಳೂ ಒಂದೇ ಇವೆಯಾ ಅಂತ ಸ್ಕ್ರಿಪ್ಟ್ ನೋಡಲಿ. 2.5 ಮಿಲಿ ಹೋಗಿ 25 ಆದ್ರೆ ಅಲ್ಲೇ ಸಿಕ್ಕಿಬೀಳುತ್ತೆ. 'ಸಿಂಪಡಿಸಬಾರದು' ಅನ್ನೋದು 'ಸಿಂಪಡಿಸಬೇಕು' ಆದ್ರೆ ಸಿಗಲ್ಲ, ಅಂಕಿ ಎಲ್ಲಾ ಸರಿ ಇರುತ್ತಲ್ಲ. 'ಬಾರದು', 'ಬೇಡ', 'ಕೂಡದು' ಇರೋ ವಾಕ್ಯಗಳನ್ನ ಹುಡುಕಿ ಪಕ್ಕಕ್ಕಿಟ್ಟು, ಎರಡೂ ಭಾಷೆ ಬಲ್ಲವರ ಕೈಗೆ ಕೊಡ್ರಿ. ತಿದ್ದೋಕೆ ಅಂತ ಇಟ್ಟ ದುಡ್ಡು ಮೊದಲು ಇಲ್ಲಿಗೇ ಹೋಗಲಿ.