ಶೇಕ್ ಆದ ಫೋಟೋ ಎಷ್ಟು ಸರಿ ಹೋಗುತ್ತೆ, ಎಲ್ಲಿಂದ ಊಹೆ ಶುರುವಾಗುತ್ತೆ

ಎಲ್ಲರಿಗೂ ನಮಸ್ಕಾರ. ಶೇಕ್ ಆದ ಫೋಟೋನ ಡಿಲೀಟ್ ಮಾಡೋಕೆ ಮುಂಚೆ ಒಂದ್ಸಲ ಪೂರ್ತಿ ಝೂಮ್ ಮಾಡಿ ನೋಡಿ. ಸಂಜೆ ಹೊತ್ತು ತೆಗೆದಿದ್ದಾದ್ರೆ ದೂರದಲ್ಲೆಲ್ಲೋ ಒಂದು ಬಲ್ಬ್ ಇರುತ್ತಲ್ವಾ, ಅದು ಚುಕ್ಕಿಯಾಗಿ ಕಾಣಲ್ಲ, ಸಣ್ಣ ಹುಳದ ಥರ ಡೊಂಕಾಗಿ ಬಿದ್ದಿರುತ್ತೆ. ಆ ಗೆರೆನೇ ನಿಮ್ಮ ಕೈ ಅಲುಗಾಡಿದ ದಾರಿ, ಶಟರ್ 1/10 ಸೆಕೆಂಡ್ ತೆರೆದಿದ್ದಾಗ ಕೈ ಎಲ್ಲಿ ಸ್ವಲ್ಪ ನಿಂತ್ಕೊಳ್ತೋ ಅಲ್ಲಿ ಗೆರೆ ಜಾಸ್ತಿ ಬೆಳಗಿರುತ್ತೆ, ಎಲ್ಲಿ ಜೋರಾಗಿ ಹೋಯ್ತೋ ಅಲ್ಲಿ ಮಬ್ಬು. ಫೋಟೋದ ಉಳಿದ ಚುಕ್ಕಿಗಳೂ ಹೆಚ್ಚುಕಮ್ಮಿ ಇದೇ ಆಕಾರದಲ್ಲಿ ಹರಡಿರ್ತವೆ. ಇದಕ್ಕೆ ಬ್ಲರ್ ಕರ್ನಲ್ ಅಂತಾರೆ. ಇದು ಗೊತ್ತಾದ್ರೆ ಲೆಕ್ಕನ ಹಿಂದಕ್ಕೆ ಮಾಡಬಹುದು, ಅದೇ ಡೀಕಾನ್ವಲ್ಯೂಷನ್.

ಲೆಕ್ಕ ಹಳೇದೇ. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಬೇರೆ ಬೇರೆಯಾಗಿ ಕಂಡುಹಿಡಿದ ವಿಧಾನ ಈಗ್ಲೂ ಬಳಕೇಲಿದೆ. 1990ರಲ್ಲಿ ಹಬಲ್ ಟೆಲಿಸ್ಕೋಪಿನ ಕನ್ನಡಿ ಆಕಾರ ತಪ್ಪಿ ಚಿತ್ರ ಮಬ್ಬಾಗಿ ಬಂದಾಗ, 1993ರ ರಿಪೇರಿ ತನಕ ಇಂಥ ಲೆಕ್ಕಗಳೇ ಕೈ ಹಿಡಿದಿದ್ದು.

ಆದ್ರೆ ಎಲ್ಲಾನೂ ವಾಪಸ್ ಬರಲ್ಲ, ಇದನ್ನ ಸರಿಯಾಗಿ ಗಮನಿಸಿ. ಒಂದು ಬಸ್ಸು ಫೋಟೋದಲ್ಲಿ ಅಡ್ಡಡ್ಡ 20 ಪಿಕ್ಸೆಲ್ ಜರುಗಿದೆ ಅಂದ್ಕೊಳ್ಳಿ. ಅದರ ಮೇಲೆ ಮೇಲಿಂದ ಕೆಳಕ್ಕೆ ಇಳಿಯೋ, 10 ಪಿಕ್ಸೆಲ್ ಅಗಲದ ಕಪ್ಪು-ಬಿಳಿ ಪಟ್ಟಿಗಳಿವೆ. ಈಗ ಪ್ರತಿ ಪಿಕ್ಸೆಲ್ಲಿಗೂ ಅರ್ಧ ಕಪ್ಪು ಅರ್ಧ ಬಿಳಿ ಬಿದ್ದು ಬರೀ ಬೂದು ಬಣ್ಣ ಉಳಿಯುತ್ತೆ, ಅಲ್ಲಿ ಪಟ್ಟಿ ಇತ್ತು ಅನ್ನೋ ಸುಳಿವೇ ಇಲ್ಲ. ಬಲವಂತ ಮಾಡಿದ್ರೆ ನಾಯ್ಸ್, ಅಂದ್ರೆ ಕಾಳುಕಾಳು ಚುಕ್ಕಿಗಳು, ಏಳುತ್ತೆ, ಅಂಚುಗಳ ಸುತ್ತ ಅಲೆಅಲೆ ಬರುತ್ತೆ.

ಇದಕ್ಕೆ 2006ರಲ್ಲಿ ರಮೇಶ್ ರಸ್ಕರ್, ಅಮಿತ್ ಅಗ್ರವಾಲ್, ಜ್ಯಾಕ್ ಟಂಬ್ಲಿನ್ ಅನ್ನೋ ಸಂಶೋಧಕರು ಕೊಟ್ಟ ಉತ್ತರ ನಂಗೆ ಇವತ್ತಿಗೂ ತುಂಬಾ ಇಷ್ಟ. ಶಟರ್‌ನ ಒಂದೇ ಸಮ ತೆರೆದಿಡೋ ಬದಲು 52 ಭಾಗದ ಒಂದು ಕೋಡ್ ಪ್ರಕಾರ ಪಟಪಟ ತೆರೆದು ಮುಚ್ಚಿದ್ರು. ಆಗ ಬೆಳಕು ಅರ್ಧದಷ್ಟು ಹೋಗುತ್ತೆ ನಿಜ, ಆದ್ರೆ ಯಾವ ಅಗಲದ ಪಟ್ಟಿನೂ ಪೂರ್ತಿ ಅಳಿಸಿ ಹೋಗಲ್ಲ, ಹಿಂದಕ್ಕೆ ಲೆಕ್ಕ ಹಾಕೋಕೆ ಆಧಾರ ಸಿಗುತ್ತೆ. ಅಂದ್ರೆ ರಿಪೇರಿ ಕ್ಲಿಕ್ ಮಾಡೋ ಹೊತ್ತಲ್ಲೇ ಶುರುವಾಯ್ತು!

ಈಗಿನ ಎಐ ಆಪ್‌ಗಳ ದಾರಿ ಬೇರೆ. ಸೆಕೆಂಡಿಗೆ 240 ಫ್ರೇಮ್ ವಿಡಿಯೋ ತೆಗೆದು, ಪಕ್ಕಪಕ್ಕದ ಫ್ರೇಮ್‌ಗಳನ್ನ ಸೇರಿಸಿ ಸರಾಸರಿ ಮಾಡಿ ಬ್ಲರ್ ಹುಟ್ಟಿಸ್ತಾರೆ, ನಡುವಿನ ಫ್ರೇಮೇ ಸರಿ ಉತ್ತರ, ಇಂಥ ಜೋಡಿಗಳನ್ನ ತೋರಿಸಿ ಕಲಿಸ್ತಾರೆ. 2017ರ ಗೋಪ್ರೋ ಡೇಟಾಸೆಟ್ (ಇಂಥ ಜೋಡಿಗಳ ಸಂಗ್ರಹ) ಹೀಗೇ ಆಗಿದ್ದು. ಅಳಿಸಿ ಹೋದ ಕಡೆ ಇವು ಕಲಿತಿದ್ದರಿಂದ ಊಹೆ ಮಾಡಿ ತುಂಬ್ತವೆ. ಮನೆ ಫೋಟೋಗೆ ಧಾರಾಳವಾಗಿ ಬಳಸಿ. ಆದ್ರೆ ಆಕ್ಸಿಡೆಂಟ್ ಆದ ಗಾಡಿ ನಂಬರ್ ಪ್ಲೇಟ್ ಇದ್ರಲ್ಲಿ ಓದಿ ಯಾರ ಮೇಲೂ ಆರೋಪ ಹೊರಿಸ್ಬೇಡಿ ದಯವಿಟ್ಟು, 3 ಇದ್ದ ಕಡೆ ಅದು ಚೊಕ್ಕವಾದ 8 ಬರೆದು ಕೊಡಬಹುದು, ನೋಡಿದವರಿಗೆ ಅನುಮಾನವೇ ಬರಲ್ಲ.

ಜೆಪೆಗ್‌ಗಿಂತ ರಾ ಫೈಲಲ್ಲಿ (ಕ್ಯಾಮೆರಾ ಸೆನ್ಸರ್ ಅಳೆದಿದ್ದನ್ನ ಹಾಗೇ ಇಡೋ ಫೈಲ್) ಬೆಳಕಿನ ಅಳತೆ ನೇರವಾಗಿ ಉಳಿದಿರೋದ್ರಿಂದ ಈ ಲೆಕ್ಕಕ್ಕೆ ಅದೇ ಒಳ್ಳೇದು. ಯಾರಾದ್ರೂ ಶೇಕ್ ಆದ ಫೋಟೋ ತಂದಿದ್ರೆ ಪೆನ್‌ಡ್ರೈವ್ ಕೊಡಿ, ಇಲ್ಲೇ ಹಾಕಿ ನೋಡೋಣ.