ಚೊಗರಿನೊಳಗಿನ ರಸಾಯನ

ಕೇಳುಗರಿಗೆ ನಮಸ್ಕಾರ.

ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಕೊಯ್ಲು ಶುರುವಾದರೆ ಸುಲಿದ ಹಸಿ ಅಡಿಕೆ ಹಂಡೆಗೆ ಬೀಳುತ್ತದೆ. ನೀರಿಗೆ ಚೊಗರನ್ನು, ಅಂದರೆ ಹಿಂದಿನ ಬೇಯುವಿಕೆಯಲ್ಲಿ ಉಳಿದ ಅಡಿಕೆ ರಸವನ್ನು, ಬೆರೆಸುತ್ತಾರೆ. ಅಡಿಕೆ ಬೆಂದು ಬೆಂದು ಆ ನೀರು ಕಡುಗೆಂಪಾಗುತ್ತದೆ, ಮಂದವಾಗಿ ಬೆರಳಿಗೆ ಅಂಟುತ್ತದೆ. ಒಣಗಿದ ಅಡಿಕೆಯ ಬಣ್ಣ, ಹೊಳಪು ಎರಡೂ ಅದರ ಕೊಡುಗೆ. ಚೊಗರಿನ ಜೀವಾಳವೇ ಟ್ಯಾನಿನ್ ಎಂಬ ಒಗರು ವಸ್ತು. ಬಟ್ಟೆಗೆ ಬಣ್ಣ ಕಟ್ಟಬಲ್ಲ ಈ ರಸವನ್ನು ಚರಂಡಿಗೆ ಚೆಲ್ಲುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಡಿಕೆಯ ಟ್ಯಾನಿನ್ ಕ್ಯಾಟೆಚಿನ್ ಜಾತಿಯ ಅಣುಗಳು ಒಂದಕ್ಕೊಂದು ಬೆಸೆದುಕೊಂಡ ಸರಪಳಿ. ಬಿಸಿ, ಗಾಳಿ ತಗುಲಿದಂತೆ ಕೆಂಪೇರುತ್ತದೆ. ಎಳೆಯ ಕಾಯಲ್ಲಿ ಹೆಚ್ಚು, ಹಣ್ಣಾದಂತೆ ಕಡಿಮೆ. ಕೆಂಪಡಿಕೆಗೆ ಹಸಿರು ಗೊನೆಯನ್ನೇ ಇಳಿಸುವುದು ಅದಕ್ಕೇ. ಅಳಲೆಕಾಯಿಯದು ಬೇರೆ ಬಗೆ: ನಡುವೆ ಗ್ಲೂಕೋಸ್, ಅದಕ್ಕೆ ತಗುಲಿಕೊಂಡ ಗ್ಯಾಲಿಕ್ ಆಮ್ಲ ಮತ್ತು ಅದರ ಬಳಗ. ಆಮ್ಲ ಬೆರೆತ ನೀರಿನಲ್ಲಿ ಕಾಯಿಸಿದರೆ ಬಿಡಿಬಿಡಿಯಾಗುತ್ತದೆ.

ಎರಡರಲ್ಲೂ ಇಂಗಾಲದ ಉಂಗುರಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ, ಜಲಜನಕದ ಜೋಡಿಗಳು, ಅಕ್ಕಪಕ್ಕದಲ್ಲಿವೆ. ಗುಟ್ಟು ಇರುವುದು ಇಲ್ಲಿಯೇ. ಈ ಗುಂಪುಗಳು ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತವೆ. ಎಳೆ ಅಡಿಕೆ ಅಗಿದಾಗ ಜೊಲ್ಲಿನ ಪ್ರೋಟೀನ್ ಗರಣೆಗಟ್ಟಿ, ಬಾಯಿಯ ಜಾರಿಕೆ ಹೋಗಿ ನಾಲಿಗೆ ಒರಟಾಗುತ್ತದೆ. ನಾವು ಒಗರು ಎನ್ನುವುದು ಇದನ್ನೇ. ಗಿಡವನ್ನು ಮೇಯಲು ಬಂದ ಹುಳುವಿಗೂ ದನಕ್ಕೂ ಇದೇ ಅಡ್ಡಿ. ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ ಚರ್ಮ ಹದ ಮಾಡುವುದೂ ಹೀಗೆಯೇ: ತೊಗಲಿನ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳನ್ನು ಟ್ಯಾನಿನ್ ಕಟ್ಟಿಹಾಕಿದ ಮೇಲೆ ಅದು ಸುಲಭಕ್ಕೆ ಕೊಳೆಯದು.

ಅದೇ ಗುಂಪುಗಳು ಕಬ್ಬಿಣವನ್ನೂ ಹಿಡಿಯುತ್ತವೆ. ಅಳಲೆಕಾಯಿ ಕಷಾಯದಲ್ಲಿ ತುಕ್ಕು ಹಿಡಿದ ಮೊಳೆ ಹಾಕಿಟ್ಟು ನೋಡಿ, ನೀರು ಕಪ್ಪಾಗುತ್ತದೆ. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆಸಿದರೆ ಹಿಂದಿನವರ ಶಾಯಿ ಸಿದ್ಧ.

ನಮ್ಮ ಹೊಟ್ಟೆಯಲ್ಲೂ ಈ ಹಿಡಿತ ನಡೆಯುತ್ತದೆ. ಕೆಂಪು ರಾಗಿಯ ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಟೀಯಲ್ಲಿ ಇನ್ನೂ ಧಾರಾಳ. ಊಟ ಮುಗಿದ ಕೂಡಲೇ ಟೀ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಬಸುರಿಯರು ಇದನ್ನು ದಯವಿಟ್ಟು ಗಮನಿಸಬೇಕು. ಮುದ್ದೆ ಬಿಡಬೇಕಾಗಿಲ್ಲ. ಟೀಗೂ ಊಟಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ರಾಗಿಗೆ ಮೊಳಕೆ ಬರಿಸಿದರೆ ಟ್ಯಾನಿನ್ ತಗ್ಗುತ್ತದೆ. ಬಸ್ಸಾರಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಅದರ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪದಲ್ಲಿ ಇಡುತ್ತದೆ.